ಎಡಗಡೆ ಪ್ಲಗ್ಗು ಬೆಳ್ಳಗಿದೆ ಅಂದೆಯಲ್ಲ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ನಿನ್ನ ರಾಜದೂತ್ 350 ಬೈಕಿನ ವಿಡಿಯೋವನ್ನು ಮೂರು ಸಲ ಕಣ್ಣು ಮುಚ್ಚಿಕೊಂಡು ಕೇಳಿದೆ. ಆಕ್ಸಲರೇಟರ್ ಬಿಟ್ಟ ಮೇಲೂ ಎಂಜಿನ್ನು ಮೇಲೇ ನಿಂತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಇಳಿಯುತ್ತಿದೆ. ಎಡಗಡೆ ಪ್ಲಗ್ಗು ಸುಣ್ಣ ಬಳಿದ ಹಾಗಿದೆ, ಬಲಗಡೆಯದು ಕಾಫಿಪುಡಿ ಬಣ್ಣ ಅಂತ ಬೇರೆ ಬರೆದಿದ್ದೀಯ. ನಿಮ್ಮ ಶಿವಮೊಗ್ಗದ ಮೆಕ್ಯಾನಿಕ್ ಪೈಲಟ್ ಜೆಟ್, ಅಂದರೆ ಕಾರ್ಬುರೇಟರಿನಲ್ಲಿ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತಿರುಪು, ದೊಡ್ಡದು ಹಾಕೋಣ ಅಂದಿದ್ದಾನೆ. ಬೇಡ ಮಾರಾಯ. ಗಾಡಿ ಸ್ಟ್ಯಾಂಡ್ ಹಾಕಿ ನಿಲ್ಲಿಸು. ಈ ಪತ್ರ ಓದಿ ಮುಗಿಸುವ ತನಕ ಕಿಕ್ ಹೊಡೆಯಬೇಡ.

ಇಷ್ಟು ಗಾಬರಿ ಯಾಕೆ ಅಂದರೆ, ಇದೇ ಕಾಯಿಲೆಗೆ ನನ್ನ ರಾಜದೂತ್‌ಗೆ ಆ ಜೆಟ್ ನಾನೂ ಹಾಕಿಸಿದ್ದೆ. ಐಡ್ಲಿಂಗ್ ಸರಿಹೋಯಿತು, ಖುಷಿಯಾಯಿತು. ಎರಡು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಹೊರಟು ಮದ್ದೂರಿನ ಹತ್ತಿರ ಬಂದಿದ್ದೆ. ಎಕ್ಸ್‌ಪ್ರೆಸ್‌ವೇ ಇನ್ನೂ ಇಲ್ಲದ ಕಾಲ. ತೊಂಬತ್ತರಲ್ಲಿ ಹತ್ತು ಹದಿನೈದು ನಿಮಿಷ ಹೋಗಿ, ಮುಂದೆ ಇಳಿಜಾರು ಅಂತ ಆಕ್ಸಲರೇಟರ್ ಕೊಂಚ ಬಿಟ್ಟೆ. ಕೀಂಯ್ ಅಂತ ಒಂದು ಸದ್ದು, ಹಿಂದಿನ ಚಕ್ರ ಲಾಕ್. ಎಡಗೈ ತಾನಾಗೇ ಕ್ಲಚ್ ಹಿಡಿಯಿತು, ಅದಕ್ಕೇ ಇವತ್ತು ಪತ್ರ ಬರೆಯುತ್ತಿದ್ದೇನೆ. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು. ನಲವತ್ತರಲ್ಲಿ ಮನೆ ಸೇರಿದೆ. ಬಿಚ್ಚಿದರೆ ಎಡ ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈಯೆಲ್ಲ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು.

ಸಿಲಿಂಡರ್ ಕೊರೆಸಿ ಬೋರಿಂಗ್ ಮಾಡಿಸಿದೆ, ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ, ದುಡ್ಡು ಸುರಿದೆ. ಸ್ಟಾರ್ಟ್ ಮಾಡಿದರೆ ಅದೇ ಹಳೇ ರಾಗ, ಆಕ್ಸಲರೇಟರ್ ಬಿಟ್ಟರೂ ಇಳಿಯದು. ಆಗ ಪಕ್ಕದ ಬೀದಿಯ ಹಿರಿಯರೊಬ್ಬರನ್ನು ಕರೆತಂದೆ. ಯಾದವಗಿರಿಯ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚುವ ತನಕ ಅಲ್ಲೇ ಕೆಲಸದಲ್ಲಿದ್ದವರು. ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕುಗಳನ್ನು ಕೈಯಿಂದ ಕೈಗೆ ದಾಟಿಸಿದ ಮನುಷ್ಯನಿಗೆ ರಾಜದೂತ್ ಮೇಲೆ ಅಷ್ಟೇನೂ ಪ್ರೀತಿ ಇಲ್ಲ, ಆದರೆ ಟೂ ಸ್ಟ್ರೋಕ್ ಸದ್ದು ಗೊತ್ತು. ಅರ್ಧ ನಿಮಿಷ ಕೇಳಿ, "ಕಾರ್ಬುರೇಟರ್ ಕಾಯಿಲೆ ಅಲ್ಲಪ್ಪ ಇದು, ಉಬ್ಬಸ. ಎಲ್ಲಿಂದಲೋ ಗಾಳಿ ಎಳೀತಾ ಇದೆ" ಅಂದರು.

ಎಲ್ಲಿಂದ ಅಂತ ತಿಳಿಯಲು ನಿನ್ನ ಗಾಡಿಯ ಒಳಗು ಸ್ವಲ್ಪ ನೋಡು. 1983ರಲ್ಲಿ ಎಸ್ಕಾರ್ಟ್ಸ್‌ನವರು ಯಮಹಾ ಆರ್‌ಡಿ 350ಯನ್ನು ರಾಜದೂತ್ ಹೆಸರಿನಲ್ಲಿ ಇಲ್ಲಿ ಮಾಡಲು ಶುರು ಮಾಡಿದಾಗ ನಮ್ಮ ರಸ್ತೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. 347 ಸಿಸಿ, ಎರಡು ಸಿಲಿಂಡರು, ಆರು ಗೇರು. ಮೊದಲು ಬಂದ ಎಚ್‌ಟಿ (ಹೈ ಟಾರ್ಕ್) ಮಾದರಿಗೆ 30.5 ಅಶ್ವಶಕ್ತಿ, ಆಮೇಲೆ ಬಂದ ಎಲ್‌ಟಿ (ಲೋ ಟಾರ್ಕ್) ಮಾದರಿಗೆ 27. ನಮ್ಮೂರಿನ ಯೆಜ್ಡಿ ರೋಡ್‌ಕಿಂಗ್‌ಗೆ ಹದಿನಾರು. ಯೆಜ್ಡಿಯಲ್ಲಿ ಗಾಳಿ ಪೆಟ್ರೋಲು ಒಳಗೆ ಬರುವ ಬಾಗಿಲನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಆರ್‌ಡಿಯಲ್ಲಿ ಆ ದಾರಿಯಲ್ಲಿ ರೀಡ್ ವಾಲ್ವ್ ಇದೆ. ತೆಳು ಉಕ್ಕಿನ ಎಲೆಗಳು, ಎಂಜಿನ್ನು ಉಸಿರು ಎಳೆದಾಗ ತೆರೆಯುತ್ತವೆ, ಬಿಟ್ಟಾಗ ಮುಚ್ಚುತ್ತವೆ. ಸಿಲಿಂಡರಿಗೆ ಈ ಎಲೆಗಳನ್ನು ಹಿಡಿದ ರೀಡ್ ಬ್ಲಾಕು, ಅದರ ಮೇಲೆ ರಬ್ಬರ್ ಕೊಳವೆ, ಅಂದರೆ ಮ್ಯಾನಿಫೋಲ್ಡು, ಅದಕ್ಕೆ ಕಾರ್ಬುರೇಟರು. ಒಂದೊಂದು ಸಿಲಿಂಡರಿಗೂ ಒಂದೊಂದು ಸೆಟ್ಟು. ಕೂಡುವ ಜಾಗಗಳಲ್ಲಿ ಸಂದು ಮುಚ್ಚಲು ಕೂರುವುದು ಬರೀ ಕಾಗದದ ಗ್ಯಾಸ್ಕೆಟ್ಟು.

ಆ ಕಾಗದ ಹೋದರೆ ಕಾರ್ಬುರೇಟರ್ ಅಳೆದು ಕೊಟ್ಟ ಮಿಶ್ರಣಕ್ಕೆ ಲೆಕ್ಕವಿಲ್ಲದ ಗಾಳಿ ಸೇರುತ್ತದೆ. ಪೆಟ್ರೋಲ್ ಕಮ್ಮಿ ಬಿದ್ದರೆ ಬಿಸಿ ಜಾಸ್ತಿ, ಪ್ಲಗ್ಗು ಬೆಳ್ಳಗಾಗುವುದು ಅದಕ್ಕೇ. ನಿನ್ನ ಗಾಡಿಯಲ್ಲಿ ಎಂಜಿನ್ನಿಗೆ ಆಯಿಲನ್ನು ಬೇರೆಯಾಗಿ ಕೊಡುವ ಆಟೋಲ್ಯೂಬ್ ಪಂಪ್ ತೆಗೆದುಹಾಕಿದ್ದಾರೆ ಅಂದೆ. ಅಂದರೆ ಆಯಿಲ್ ಬರುವುದೂ ಪೆಟ್ರೋಲಿನ ಜತೆಗೇ. ಪೆಟ್ರೋಲಿನ ಪಾಲು ಕಮ್ಮಿಯಾದರೆ ಆಯಿಲಿನದೂ ಕಮ್ಮಿ. ಬಿಸಿ ಏರಿರುವಾಗ ಆಕ್ಸಲರೇಟರ್ ಬಿಟ್ಟೆಯೋ, ಬರುತ್ತಿದ್ದ ಚೂರುಪಾರು ಆಯಿಲೂ ನಿಂತಿತು. ಮದ್ದೂರಿನಲ್ಲಿ ನನಗೆ ಆಗಿದ್ದು ಅದೇ. ಪೈಲಟ್ ಜೆಟ್ ದೊಡ್ಡದು ಮಾಡಿದ್ದು ಐಡ್ಲಿಂಗಿನಲ್ಲಿ ಮಾತ್ರ ತೂತು ಮುಚ್ಚಿದ ಹಾಗೆ ನಾಟಕ ಆಡಿತು.

ಇದರ ಮೇಲೆ ಈಗಿನ ಪೆಟ್ರೋಲು. ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲಿನಲ್ಲೇ ಆಕ್ಸಿಜನ್ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ಇನ್ನೊಂದಿಷ್ಟು ತೆಳುವಾಗುತ್ತದೆ. ಹಳೇ ರಬ್ಬರನ್ನೂ ಅದು ಕೆಡಿಸುತ್ತದೆ.

ಹಾಗಂತ ಕಂಡದ್ದೆಲ್ಲ ಗ್ಯಾಸ್ಕೆಟ್ ಲೀಕ್ ಅಂತ ನಂಬಬೇಡ. ಮೊದಲು ಕಣ್ಣು. ಟ್ಯಾಂಕ್ ತೆಗೆದು, ಟಾರ್ಚ್ ಹಿಡಿದು ಎಡಗಡೆ ರೀಡ್ ಬ್ಲಾಕಿನ ಸುತ್ತ ನೋಡು. ರೀಡ್‌ಗಿಂತ ಒಳಗಿನ ಗ್ಯಾಸ್ಕೆಟ್ಟು, ಅಂದರೆ ಸಿಲಿಂಡರಿಗೆ ಅಂಟಿದ್ದು, ಹೋಗಿದ್ದರೆ ಎಂಜಿನ್ನು ಅಲ್ಲಿ ಗಾಳಿ ಹೀರುವುದೂ ಉಂಟು, ಹೊರಗೆ ಉಗುಳುವುದೂ ಉಂಟು. ಉಗುಳಿದ ಆಯಿಲಿಗೆ ಧೂಳು ಹತ್ತಿ ಜೋಡಣೆಯ ಗೆರೆಯುದ್ದಕ್ಕೂ ದೀಪದ ಮಸಿಯಂಥ ಜಿಡ್ಡು ಕೂತಿರುತ್ತದೆ. ರೀಡ್‌ನ ಹೊರಗಿನ ಜೋಡಣೆ ಹೋಗಿದ್ದರೆ ಬರೀ ಹೀರುತ್ತದೆ, ಕಲೆ ಅಷ್ಟಾಗಿ ಕಾಣದು. ನನ್ನದರಲ್ಲಿ ಮಸಿ ಇತ್ತು. ಎರಡು ವರ್ಷದಿಂದ ಅದನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಗಾಡಿ ಕ್ಲೀನಾಗಿಟ್ಟಿದ್ದೇನೆ ಅಂತ ಬೀಗುತ್ತಿದ್ದೆ!

ರಬ್ಬರನ್ನು ಕೈಯಲ್ಲಿ ಬಗ್ಗಿಸಿ ನೋಡು. ಸುಮ್ನೆ ನೋಡಿದರೆ ಚೆನ್ನಾಗೇ ಇರುತ್ತದೆ. ಬಗ್ಗಿಸಿದರೆ ಅಲ್ಯೂಮಿನಿಯಂ ಪ್ಲೇಟಿಗೆ ರಬ್ಬರ್ ಅಂಟಿರುವ ಬುಡದಲ್ಲಿ ಬಾಯಿ ಬಿಡುತ್ತದೆ. ಆಟೋಲ್ಯೂಬ್ ತೆಗೆದವರು ಆಯಿಲ್ ಬರುತ್ತಿದ್ದ ತೂತನ್ನು ಸರಿಯಾಗಿ ಮುಚ್ಚಿದ್ದಾರಾ ಅಂತಲೂ ನೋಡು. ಅಲ್ಲಿ ಸ್ಕ್ರೂ ಬದಲು ಎಂ-ಸೀಲ್ ಮೆತ್ತಿದ್ದನ್ನು ಕಂಡಿದ್ದೇನೆ.

ಆಮೇಲೆ ಸ್ಪ್ರೇ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು, ಒಂದೊಂದೇ ಜೋಡಣೆಗೆ ಸೋಪಿನ ನೀರು ಚಿಮ್ಮಿಸು. ಕಾರ್ಬುರೇಟರ್ ಕ್ಲೀನರ್ ಹೊಡೆಯುವವರೂ ಇದ್ದಾರೆ, ಸೈಲೆನ್ಸರ್ ಕಾದಿರುವಾಗ ನನಗೆ ಆ ಧೈರ್ಯ ಇಲ್ಲ. ಚಿಮ್ಮಿಸಿದ ಕ್ಷಣ ಎಂಜಿನ್ ಸದ್ದು ಬದಲಾದರೆ ಜಾಗ ಸಿಕ್ಕಿತು. ಏರ್ ಫಿಲ್ಟರಿನ ಬಾಯಿಗೆ ಬೀಳದಂತೆ ಮಾತ್ರ ನೋಡಿಕೋ, ಇಲ್ಲದಿದ್ದರೆ ಸುಳ್ಳು ಸಾಕ್ಷಿ.

ಸ್ಪ್ರೇಯಲ್ಲಿ ಸಿಗದ ಲೀಕೂ ಇರುತ್ತದೆ. ಎಡಗಡೆ ಮ್ಯಾಗ್ನೆಟ್ ಹಿಂದಿನ ಕ್ರ್ಯಾಂಕ್ ಸೀಲ್, ಅಂದರೆ ತಿರುಗುವ ಕ್ರ್ಯಾಂಕಿನ ಸುತ್ತ ಗಾಳಿ ಸೋರದಂತೆ ಕೂತ ರಬ್ಬರ್ ಬಳೆ, ಹೋದರೂ ಹೆಚ್ಚುಕಮ್ಮಿ ಇವೇ ಲಕ್ಷಣ. ಅದಕ್ಕೆ ಪ್ರೆಷರ್ ಟೆಸ್ಟೇ ಆಗಬೇಕು. ಇಲ್ಲಿ ನಮ್ಮ ಹಿರಿಯರು ಮಾಡಿದ್ದು ಕೇಳು. "ಮನೇಲಿ ಬಿಪಿ ನೋಡೋ ಮಷಿನ್ ಇದೆಯಾ?" ಅಂದರು. ನನಗೇ ತಲೆ ಸುತ್ತಿ ಬಂತೇನೋ ಅಂದುಕೊಂಡೆ. ಅಮ್ಮನದು ಗಡಿಯಾರದ ಹಾಗೆ ಮುಳ್ಳಿರುವ ಹಳೇ ಮಷಿನ್ನು ಇತ್ತು. ತೋಳಿಗೆ ಸುತ್ತುವ ಪಟ್ಟಿ ತೆಗೆದು, ಅದರ ಬಲ್ಬು, ಮೀಟರು ಎರಡನ್ನೂ ಇಟ್ಟುಕೊಂಡರು. ಅದರ ಮುಳ್ಳು ಹೋಗುವುದು 300ರವರೆಗೆ. ಟೈರಿನ ಗಾಳಿ ಅಳೆಯುವ ಪಿಎಸ್‌ಐ ಲೆಕ್ಕದಲ್ಲಿ ಅದು ಸುಮಾರು 6ಕ್ಕೆ ಸಮ, ಟೂ ಸ್ಟ್ರೋಕ್ ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್ ತಿರುಗುವ ಕೋಣೆಗೆ, ಹಾಕಬೇಕಾದ ಒತ್ತಡವೂ ಅಷ್ಟೇ. ಅದಕ್ಕಿಂತ ಜಾಸ್ತಿ ಹಾಕಿದರೆ ಒಳ್ಳೇ ಸೀಲೂ ಜಾಗ ಬಿಡಬಹುದು.

ಸೈಲೆನ್ಸರ್ ಬಿಚ್ಚಿ, ಆ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಮೇಲೊಂದು ಪಟ್ಟಿ ಬಿಗಿದೆವು. ಕಾರ್ಬುರೇಟರ್ ತೆಗೆದು ರಬ್ಬರಿನ ಬಾಯಿಗೆ ಮರದ ಬಿರಡೆ, ಬಿರಡೆಯ ನಡುವೆ ತೂತು ಕೊರೆದು ಬಿಪಿ ಪೈಪು. ಪ್ಲಗ್ಗು ಜಾಗದಲ್ಲೇ ಇರಲಿ. ಎರಡು ಸಿಲಿಂಡರಿನ ಕ್ರ್ಯಾಂಕ್ ಕೋಣೆಗಳು ಬೇರೆ ಬೇರೆ, ಹಾಗಾಗಿ ಒಂದೊಂದನ್ನೂ ಪ್ರತ್ಯೇಕ ನೋಡಬೇಕು. ಬಲ್ಬು ಒತ್ತಿ 300ಕ್ಕೆ ಏರಿಸಿ ಆರು ನಿಮಿಷ ಕಾಯಬೇಕು. 250ರ ಮೇಲೆ ನಿಂತರೆ ಪಾಸು. ಬಲಗಡೆ ನಿಂತಿತು. ಎಡಗಡೆ ಒತ್ತಿದಷ್ಟೂ ಇಳಿಯಿತು. ಬ್ರಷ್ಷಿನಲ್ಲಿ ಸೋಪಿನ ನೊರೆ ಹಚ್ಚಿದರೆ ರೀಡ್ ಬ್ಲಾಕಿನ ಕೆಳಮೂಲೆಯಲ್ಲಿ ದೊಸದೊಸ ಗುಳ್ಳೆ. ಅಮ್ಮ ಬಾಗಿಲಲ್ಲಿ ನಿಂತು, "ನನ್ನ ಬಿಪಿ ನೋಡಿದ್ದಕ್ಕಿಂತ ಶ್ರದ್ಧೆಯಿಂದ ನೋಡ್ತಾ ಇದೀಯಲ್ಲೋ" ಅಂದಳು.

ನಿನ್ನದರಲ್ಲಿ ಅಲ್ಲಿ ಗುಳ್ಳೆ ಬರದೆ ಮುಳ್ಳು ಇಳಿದರೆ ಎಡಗಡೆ ಕವರ್ ತೆಗೆದು ಸೀಲಿಗೆ ನೊರೆ ಹಚ್ಚು. ಬಲಗಡೆಯ ಸೀಲು ಕ್ಲಚ್ ಕಡೆಗಿದೆ, ಅದು ಹೋದರೆ ಗೇರ್ ಆಯಿಲ್ ಸುಟ್ಟು ಬಿಳಿ ಹೊಗೆ ಬರುತ್ತದೆ. ನಿನ್ನ ಲಕ್ಷಣ ಅದಲ್ಲ.

ಇನ್ನು ಬಿಚ್ಚುವುದು. ನಾಲ್ಕು ಬೋಲ್ಟು, ಅಷ್ಟೇ. ನನ್ನದು ಬಿಚ್ಚಿದಾಗ ಸಿಕ್ಕ ಗ್ಯಾಸ್ಕೆಟ್ಟನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಎರಡೂ ಕಡೆ ಶೆಲಾಕ್ ಅಂಟು ಬಳಿದ ದಪ್ಪ ಕಾಗದ. ಥಿನ್ನರಿನಲ್ಲಿ ಒರೆಸಿದರೆ ಹಳದಿ ಬಣ್ಣ, ಅದರ ಮೇಲೆ ಕೆಂಪಕ್ಷರ. "ತಮ್ಮ ಆಗಮನಾಭಿಲಾಷಿಗಳು" ಅನ್ನುವುದರಲ್ಲಿ "ಲಾಷಿಗಳು" ಮಾತ್ರ ಉಳಿದಿತ್ತು. ಹಿಂದಿನ ಯಾವನೋ ಪುಣ್ಯಾತ್ಮ ಮದುವೆ ಕಾಗದ ಕತ್ತರಿಸಿ ಹಾಕಿದ್ದ! ಅದು ಪೆಟ್ರೋಲು ಕುಡಿದು ಮೆತ್ತಗಾಗಿ, ಕೆಳಮೂಲೆಯಲ್ಲಿ ನೂಲಿನಷ್ಟು ಜಾಗ ಬಿಟ್ಟಿತ್ತು. ಆಗಮನಾಭಿಲಾಷಿಗಳು ಕರೆದಿದ್ದು ಗಾಳಿಯನ್ನು.

ಕಾಗದ ಒಂದರದ್ದೇ ತಪ್ಪಲ್ಲ. ಪ್ಲೇಟಿನ ಮೇಲೆ ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ಕಾಣುತ್ತಿತ್ತು. ಲೀಕ್ ನಿಲ್ಲಲಿಲ್ಲ ಅಂತ ಬೋಲ್ಟನ್ನು ಬಿಗಿದು ಬಿಗಿದು ಪ್ಲೇಟಿನ ಮೂಲೆಗಳೇ ಬಗ್ಗಿದ್ದವು. ಇದನ್ನು ನೋಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಮತ್ತೆ ಅದೇ ಕತೆ. ದಪ್ಪ ಗಾಜಿನ ಮೇಲೆ 400ರ ಎಮರಿ ಪೇಪರ್ ಹಾಸಿ, ಒಂದು ತೊಟ್ಟು ಆಯಿಲ್ ಹಾಕಿ, ಪ್ಲೇಟನ್ನು ಎಂಟರ ಆಕಾರದಲ್ಲಿ ತಿಕ್ಕು. ಮೊದಲು ಮುಖಕ್ಕೆಲ್ಲ ಸ್ಕೆಚ್ ಪೆನ್ನಿನಲ್ಲಿ ಗೀಚಿಕೋ. ಬಣ್ಣ ಎಲ್ಲ ಕಡೆ ಒಟ್ಟಿಗೆ ಹೋಯಿತು ಅಂದರೆ ಮುಖ ಸಮ ಆಯಿತು. ನನಗೆ ಮುಕ್ಕಾಲು ಗಂಟೆ ಹಿಡಿಯಿತು, ತೋಳು ಬಿದ್ದೇಹೋಯಿತು. ಸಿಲಿಂಡರ್ ಕಡೆಯ ಹಳೇ ಕಾಗದ ಕೆರೆಯಲು ಸ್ಕ್ರೂಡ್ರೈವರ್ ಬೇಡ, ಅಲ್ಯೂಮಿನಿಯಂ ಗೀರಿಕೊಂಡರೆ ಆ ಗೀರೇ ಹೊಸ ಲೀಕು. ಥಿನ್ನರ್ ಬಟ್ಟೆ ಒತ್ತಿಟ್ಟು ನೆನೆಸಿ, ಬ್ಲೇಡಿನಿಂದ ಮೆಲ್ಲಗೆ ತೆಗೆ. ಪೋರ್ಟಿನೊಳಗೆ ಒಂದು ಬಟ್ಟೆ ತುರುಕಿರು, ಕೊನೆಯಲ್ಲಿ ಅದನ್ನು ತೆಗೆಯಲು ಮರೆಯಬೇಡ.

ರೀಡ್ ಎಲೆಗಳನ್ನೂ ಬೆಳಕಿಗೆ ಹಿಡಿದು ನೋಡು. ತುದಿ ಚಕ್ಕೆ ಎದ್ದಿದ್ದರೆ ಬದಲಾಯಿಸು. ಉಕ್ಕಿನ ಚೂರು ಸಿಲಿಂಡರಿಗೆ ಇಳಿದರೆ ಗ್ಯಾಸ್ಕೆಟ್ಟಿನ ಮಾತೇ ಬೇಡ.

ಗ್ಯಾಸ್ಕೆಟ್ ಪೇಪರ್ ಅರ್ಧ ಮಿಲಿಮೀಟರಿನದು ಸಾಕು. ಬೆಂಗಳೂರಿಗೆ ಬಂದರೆ ಜೆಸಿ ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಪ್ಲೇಟಿನ ಮುಖಕ್ಕೆ ಗ್ರೀಸ್ ಸವರಿ ಕಾಗದ ಒತ್ತಿದರೆ ಅಚ್ಚು ಬೀಳುತ್ತದೆ. ಬೋಲ್ಟ್ ತೂತಿನ ಮೇಲೆ ಸೈಕಲ್ಲಿನ ಬೇರಿಂಗ್ ಗುಂಡು ಇಟ್ಟು ಸುತ್ತಿಗೆಯಲ್ಲಿ ಒಂದೇ ಏಟು, ತೂತು ಮಿಷನ್ನಿನಲ್ಲಿ ಕತ್ತರಿಸಿದಷ್ಟು ಗುಂಡಗೆ ಬರುತ್ತದೆ. ಇದನ್ನು ಬಿಚ್ಚಿಟ್ಟ ಪ್ಲೇಟಿನ ಮೇಲೆ ಮಾತ್ರ ಮಾಡು, ಸಿಲಿಂಡರಿನ ಮೇಲಲ್ಲ. ನಡುವಿನ ಕಿಟಕಿ ಪೋರ್ಟಿಗಿಂತ ಒಂದು ಕೂದಲು ದೊಡ್ಡದೇ ಇರಲಿ. ಅಂಚು ಒಳಗೆ ಚಾಚಿದರೆ ಒಂದು ದಿನ ಹರಿದು ಒಳಗೆ ಹೋಗುತ್ತದೆ.

ಸಿಲಿಕೋನ್ ಪೇಸ್ಟ್ ಹಚ್ಚಬೇಡ. ಪೆಟ್ರೋಲಿಗೆ ಅದು ಉಬ್ಬಿ ಚೂರು ಚೂರಾಗಿ ಕಳಚುತ್ತದೆ. ತೆಳ್ಳಗೆ ಗ್ರೀಸ್ ಸವರಿದರೆ ಸಾಕು. ಬೋಲ್ಟನ್ನು ಓರೆಕೋರೆಯಾಗಿ, ಮೂರು ಸುತ್ತಿನಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿ. ಆರು ಮಿಲಿಮೀಟರಿನ ಬೋಲ್ಟು ಅದು, 10 ನ್ಯೂಟನ್ ಮೀಟರ್ ದಾಟಬೇಡ. ಟಾರ್ಕ್ ರೆಂಚ್ ಇಲ್ಲದಿದ್ದರೆ ಸಣ್ಣ ಸ್ಪ್ಯಾನರನ್ನು ಎರಡು ಬೆರಳಲ್ಲಿ ಹಿಡಿ. ನಿನ್ನ ಅಂಗೈ ಬಲ ನನಗೆ ಗೊತ್ತು, ಹಾಸ್ಟೆಲ್ಲಿನ ನಲ್ಲಿ ಮುರಿದವನು ನೀನೇ ಅಲ್ವಾ? ಮತ್ತೆ ಬಿಪಿ ಟೆಸ್ಟ್ ಮಾಡು. ಒಂದು ಸುತ್ತು ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಬೋಲ್ಟನ್ನು ಇನ್ನೊಮ್ಮೆ ಮುಟ್ಟಿ ನೋಡು.

ಕಾರ್ಬುರೇಟರಿಗೆ ಕೈ ಹಾಕುವುದು ಇಷ್ಟೆಲ್ಲ ಆದ ಮೇಲೆ. ಹಳೇ ಜೆಟ್ಟೇ ಇರಲಿ, ಏರ್ ಸ್ಕ್ರೂ ಒಂದೂವರೆ ಸುತ್ತಿನಿಂದ ಶುರು ಮಾಡು, ಆಕ್ಸಲರೇಟರ್ ತಿರುಗಿಸಿದಾಗ ಎರಡೂ ಕಾರ್ಬುರೇಟರಿನ ಸ್ಲೈಡು ಒಟ್ಟಿಗೆ ಏಳುತ್ತವಾ ನೋಡು. ಹೊಸ ಬಿ8ಎಚ್‌ಎಸ್ ಪ್ಲಗ್ ಜೋಡಿ ಹಾಕಿ ಹತ್ತು ಕಿಲೋಮೀಟರ್ ಹೋಗಿ ಬಂದು ಫೋಟೋ ಕಳಿಸು, ಎಡ ಯಾವುದು ಬಲ ಯಾವುದು ಅಂತ ಬರೆದೇ ಕಳಿಸು. ಎರಡೂ ಕಾಫಿಪುಡಿ ಆಗಿದ್ದರೆ ಆಗುಂಬೆಗೆ ಹೋಗೋಣ.

ಅಮ್ಮನ ಬಿಪಿ ಮಷಿನ್ನು, ಮರದ ಬಿರಡೆ, ಒಂದಡಿ ಗ್ಯಾಸ್ಕೆಟ್ ಪೇಪರ್ ಮೂರನ್ನೂ ಸೇರಿಸಿ ನಾಳೆ ಬಸ್ ಪಾರ್ಸೆಲ್‌ನಲ್ಲಿ ಹಾಕುತ್ತೇನೆ. ಅಮ್ಮನಿಗೆ ಬ್ಯಾಟರಿಯದು ಹೊಸದು ಕೊಡಿಸಿದ್ದೇನೆ, ಆದರೂ ಹಳೆಯದು ಎಲ್ಲಿ ಅಂತ ವಾರಕ್ಕೊಮ್ಮೆ ಕೇಳುತ್ತಾಳೆ. ಬೇಗ ವಾಪಸ್ ಕಳಿಸು.

ನಿನ್ನ,
ಮೈಸೂರಿನ ಗೆಳೆಯ