ಜಾತ್ರೆಗೆ ಪಾಂಪ್ಲೆಟ್ ಮಾಡಿಸುವವರು ಓದಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಗವಿಮಠದ ಜಾತ್ರೆಗೆ ನಮ್ಮ ಗುಂಪಿನ ಸುಮಾರು ಅಂಗಡಿಯವರು ಪಾಂಪ್ಲೆಟ್ ಹಂಚುತ್ತೀರಿ. ಪ್ರೆಸ್‌ಗೆ ಕೊಡುವ ಮುಂಚೆ ಇದನ್ನೊಮ್ಮೆ ನೋಡಿ.

ಜಾತ್ರೆಯಲ್ಲಿ ಜನ ನಡೆಯುತ್ತಲೇ ಓದುತ್ತಾರೆ. ಹಾಗಾಗಿ ಕಣ್ಣಿಗೆ ಮೊದಲು ಬೀಳುವ ಮಾತು ಒಂದೇ ಇರಲಿ. ಹೆಚ್ಚಿನವರು ಅಂಗಡಿಯ ಹೆಸರನ್ನೇ ದೊಡ್ಡದು ಮಾಡಿಸುತ್ತಾರೆ. ಗಿರಾಕಿಗೆ ಬೇಕಾಗಿದ್ದು "ಕಿನ್ನಾಳ ಗೊಂಬೆ ಇಲ್ಲಿ ಸಿಗುತ್ತವೆ" ಎಂಬ ಸಾಲು, ಅಲ್ವಾ? ಅದು ಮೇಲೆ, ದಪ್ಪಗೆ ಬರಲಿ. ಹೆಸರು, ವಿಳಾಸ, ಫೋನ್ ನಂಬರ್ ಕೆಳಗೆ ಒಂದೇ ಕಡೆ ಇದ್ದರೆ ಸಾಕು.

ಕನ್ನಡದಲ್ಲಿ ಇನ್ನೊಂದು ವಿಷಯವಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ಹೋದ ವರ್ಷ ನನಗೆ ಹೀಗೇ ಆಗಿ ಸಾವಿರ ಪ್ರತಿ ಹಾಳಾದವು. ಬಹಳ ಬೇಜಾರಾಯಿತು. ದಯವಿಟ್ಟು ಸಾಲು ಬಿಡಿಸಿ ಹಾಕಿಸಿ. ಅಕ್ಷರದ ಶೈಲಿ ಎರಡಕ್ಕಿಂತ ಜಾಸ್ತಿ ಬೇಡ. ಖಾಲಿ ಜಾಗ ಕಂಡರೆ ಸುಮ್ನೆ ಹೂವು, ನಕ್ಷತ್ರ ತುಂಬಿಸಬೇಡಿ. ಆ ಜಾಗದಿಂದಲೇ ಮಾತು ಎದ್ದು ಕಾಣುತ್ತದೆ. ಹಳದಿ ಮೇಲೆ ಬಿಳಿ ಅಕ್ಷರ ಓದಲು ಬರುವುದಿಲ್ಲ, ಕಪ್ಪು ಹಾಕಿಸಿ.

ಎ5 ಅಳತೆ, ಅಂದರೆ 148×210 ಮಿ.ಮೀ., ಕೈಯಲ್ಲಿ ಹಿಡಿಯಲು ಸರಿ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಗುಣಮಟ್ಟ ಇಳಿಯುತ್ತದೆ. ಮೊಬೈಲ್‌ನಲ್ಲಿ ಹೊಳೆಯುವ ಬಣ್ಣ ಕಾಗದದ ಮೇಲೆ ಸ್ವಲ್ಪ ಮಂಕಾಗುತ್ತದೆ. ಅದಕ್ಕೇ ಮೊದಲು ಒಂದು ಪ್ರತಿ ತೆಗೆಸಿ ನೋಡಿ. ಅದರಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ನೋಡಿ.

ಡಿಸೈನ್ ಆದವರು ಇಲ್ಲೇ ಹಾಕಿ. ರಾತ್ರಿ ಕೂತು ಎಲ್ಲವನ್ನೂ ನೋಡಿ ಹೇಳುತ್ತೇನೆ.