ಇಲ್ಲದ ‘ಅಪೀಲಿ’ಗೆ ದುಡ್ಡು ಕೊಡಬೇಡಿ

ಮಾನ್ಯರೇ,

ಜರ್ಮನಿಯ ವೀಸಾ ಸಿಗದವರಿಗೆ ‘ಅಪೀಲು ಬರೆದುಕೊಡುತ್ತೇವೆ’ ಎಂದು ದುಡ್ಡು ಕೇಳುವ ಏಜೆಂಟರು ನಮ್ಮ ಕಡೆ ಇನ್ನೂ ಇದ್ದಾರೆ. ನನ್ನನ್ನೂ ಒಬ್ಬರು ಕೇಳಿದರು. 2025ರ ಜುಲೈ 1ರಿಂದ ಅಂಥ ಅಪೀಲೇ ಇಲ್ಲ ಎಂಬುದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಈ ಪತ್ರ.

ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಬಾಣಂತನಕ್ಕೆಂದು ನಾನು, ನನ್ನ ಹೆಂಡತಿ ಅರ್ಜಿ ಹಾಕಿದ್ದೆವು. ಇಬ್ಬರಿಗೂ ವೀಸಾ ಸಿಗಲಿಲ್ಲ. ಬಂದಿದ್ದು ಒಂದು ಅಚ್ಚಾದ ಫಾರಂ. ಕಾರಣಗಳ ಉದ್ದ ಪಟ್ಟಿ, ಅದರಲ್ಲಿ ಒಂದಕ್ಕೆ ಗುರುತು: ಅವಧಿ ಮುಗಿಯುವುದರೊಳಗೆ ಇವರು ವಾಪಸ್ ಹೋಗುತ್ತಾರೆ ಎಂಬುದು ಅನುಮಾನ. ಅಡಿಕೆ ತೋಟ ಇರುವವನು ಮಳೆಗಾಲದಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಕೂತರೆ, ಇಲ್ಲಿ ಮರ ಹತ್ತುವ ಕೊನೆಗೌಡನನ್ನು ಹಿಡಿದು ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಸುವವರು ಯಾರು? ಆದರೆ ಈ ಮಾತು ನಮ್ಮ ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಇದ್ದಿದ್ದು ಸಂಬಳದ ಚೀಟಿ, ಐಟಿ ರಿಟರ್ನ್ಸ್, ಕಂಪನಿಯ ರಜೆ ಪತ್ರ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಾನು ರಿಟರ್ನ್ಸ್ ತುಂಬುವವನಲ್ಲ. ಪಹಣಿ ಇಟ್ಟಿದ್ದರು, ನಿಜ. ಕನ್ನಡದ್ದೇ, ಅನುವಾದ ಇಲ್ಲದೆ.

ಮಗಳು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ 29 ಯೂರೊ ಕಟ್ಟಿ, ನಮ್ಮ ಖರ್ಚೆಲ್ಲ ತನ್ನದು ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದಳು. ಅದೊಂದಿದ್ದರೆ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆ ಕಾಗದದಿಂದ ಗೊತ್ತಾಗುವುದು ಖರ್ಚು ಯಾರದು ಅಂತ ಅಷ್ಟೇ. ನಾವು ಊರಿಗೆ ಮರಳುತ್ತೇವೋ ಇಲ್ಲವೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಮೊದಲಾಗಿದ್ದರೆ ಇದನ್ನು ಸರಿಮಾಡಬಹುದಿತ್ತು. ನಿರಾಕರಣೆ ಕೈಗೆ ಬಂದ ಒಂದು ತಿಂಗಳೊಳಗೆ ಕಾರಣಕ್ಕೆ ಉತ್ತರ ಬರೆದು, ಬಿಟ್ಟುಹೋದ ದಾಖಲೆ ಲಗತ್ತಿಸಿ ಕಳಿಸಿದರೆ ಅದೇ ಕಚೇರಿಯವರು ಮತ್ತೊಮ್ಮೆ ನೋಡುತ್ತಿದ್ದರು. ಶುಲ್ಕವೂ ಇರಲಿಲ್ಲ. ಸಿಬ್ಬಂದಿಗೆ ಸಮಯ ಉಳಿದರೆ ಹೊಸ ಅರ್ಜಿಗಳನ್ನು ಜಾಸ್ತಿ ನೋಡಬಹುದು ಎಂದು ಹೇಳಿ ಜರ್ಮನಿಯ ವಿದೇಶಾಂಗ ಇಲಾಖೆ ಎಲ್ಲ ದೇಶಗಳಲ್ಲೂ ಅದನ್ನು ನಿಲ್ಲಿಸಿಬಿಟ್ಟಿತು. ಈಗ ಒಂದೋ ತಿಂಗಳೊಳಗೆ ಬರ್ಲಿನ್‌ನ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡಬೇಕು, ಇಲ್ಲವೇ ತಲೆಗೆ 90 ಯೂರೊ ಮತ್ತೆ ಕಟ್ಟಿ ಹೊಸ ಅರ್ಜಿ ಹಾಕಬೇಕು. ದಾವೆ ನಡೆಯುವುದು ಜರ್ಮನ್ ಭಾಷೆಯಲ್ಲಿ. ತೀರ್ಪು ನಮ್ಮ ಪರ ಬಂದರೂ ಅಷ್ಟು ಹೊತ್ತಿಗೆ ಬಾಣಂತನ ಮುಗಿದೇ ಹೋಗಿರುತ್ತದೆ, ಅಲ್ವಾ?

ಬ್ರಿಟನ್ ಕೂಡ ಕುಟುಂಬ ಭೇಟಿಯ ವೀಸಾಕ್ಕಿದ್ದ ಮೇಲ್ಮನವಿಯನ್ನು 2013ರಲ್ಲಿ ತೆಗೆದುಹಾಕಿದೆ. ಹಾಗಂತ ಇದು ಸರಿ ಅನ್ನಲಾರೆ. ಒಂದು ಪಹಣಿಯ ಅನುವಾದ ಸೇರಿಸುವುದಕ್ಕೆ ಕೋರ್ಟು ಬೇಕಾ?

ಏಜೆಂಟ್ ಇನ್ನೊಂದು ಉಪಾಯ ಹೇಳಿದರು. ನಿರಾಕರಣೆ ಆಗಿದ್ದನ್ನು ಹೇಳದೆ ಬೇರೆ ಷೆಂಗೆನ್ ದೇಶದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಲ್ಲಿ ಒಂದರ) ಮೂಲಕ ಅರ್ಜಿ ಹಾಕೋಣ ಅಂತ. ದಯವಿಟ್ಟು ಯಾರೂ ಇದಕ್ಕೆ ಒಪ್ಪಬೇಡಿ. ನಮ್ಮ ಬೆರಳಚ್ಚು, ನಿರಾಕರಣೆ ಎಲ್ಲ ಆ ದೇಶಗಳ ವೀಸಾ ಕಚೇರಿಗಳು ನೋಡುವ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿ 5 ವರ್ಷ ಇರುತ್ತದೆ. ಮುಚ್ಚಿಡುವ ಅಗತ್ಯವೂ ಇಲ್ಲ. ಹಿಂದೆ ನಿರಾಕರಣೆ ಆಗಿದೆ ಎಂಬ ಮಾತ್ರಕ್ಕೆ ಹೊಸ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು ಷೆಂಗೆನ್ ವೀಸಾ ನಿಯಮದಲ್ಲೇ ಇದೆ.

ನಾವೀಗ ಹೊಸ ಅರ್ಜಿಯನ್ನೇ ಹಾಕುತ್ತಿದ್ದೇವೆ. ಪಹಣಿಯ ಇಂಗ್ಲಿಷ್ ಅನುವಾದ, ಸೊಸೈಟಿಯಲ್ಲಿ ಅಡಿಕೆ ಮಾರಿದ ಲೆಕ್ಕ, ಆ ಹಣ ಬ್ಯಾಂಕಿಗೆ ಜಮೆಯಾದ ಸಾಲುಗಳಿಗೆ ಗುರುತು, ಯಾವ ತಿಂಗಳು ತೋಟದಲ್ಲಿ ಏನು ಕೆಲಸ ಎಂದು ಬರೆದ ಒಂದು ಪುಟ. ಇದರಲ್ಲಿ ಕಷ್ಟವಾಗಿದ್ದು ಸೊಸೈಟಿಯ ಲೆಕ್ಕ. ಅದೂ ಕನ್ನಡದಲ್ಲೇ ಬರುತ್ತದೆ, ಅನುವಾದಕ್ಕೆ ಮತ್ತೆ ಓಡಾಟ. ಅಡಿಕೆ ಮಾರುವ ಸಹಕಾರಿ ಸಂಘಗಳು ಸದಸ್ಯರು ಕೇಳಿದಾಗ ಮೂರು ವರ್ಷದ ಮಾರಾಟದ ಲೆಕ್ಕವನ್ನು ಇಂಗ್ಲಿಷ್‌ನಲ್ಲಿ, ಸಹಿ ಮೊಹರು ಹಾಕಿ ಕೊಡುವ ವ್ಯವಸ್ಥೆ ಮಾಡಬೇಕು. ಮಕ್ಕಳು ಹೊರದೇಶದಲ್ಲಿರುವ ಮನೆಗಳು ನಮ್ಮ ಊರುಗಳಲ್ಲಿ ಈಗ ಕಡಿಮೆಯೇನಿಲ್ಲ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು