ನಿಂತಿದ್ದು ಎಲ್ಲರಿಗೂ ಕಾಣುತ್ತದೆ

ಪ್ರೀತಿಯ ಗೆಳೆಯಾ,

ಹೌದು, ನನ್ನ ಮಗಳು ಪುಟ್ಟಿ ನಿಂತಳು. ಫೋನ್ ಮಾಡಿದಾಗಲೆಲ್ಲ ಇದನ್ನೇ ಕೇಳುತ್ತಿದ್ದೆಯಲ್ಲ, ಅದಕ್ಕೆ ಮೊದಲ ಸಾಲಲ್ಲೇ ಹೇಳಿಬಿಟ್ಟೆ. ಸೋಫಾದ ಅಂಚು ಹಿಡಿದು ನಿಲ್ಲುವುದು ಹಳೇ ಸುದ್ದಿ. ಈಗ ಹಿಡಿದ ಕೈ ಬಿಡುತ್ತಾಳೆ. ಎರಡು ಮೂರು ಸೆಕೆಂಡು ಹಾಗೇ ನಿಂತಿರುತ್ತಾಳೆ. ಆಮೇಲೆ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಾಗಿ ನಮ್ಮ ಮುಖ ನೋಡುತ್ತಾಳೆ, ದೊಪ್ಪನೆ ಕೂತುಬಿಡುತ್ತಾಳೆ. ನಾನು ಕಳಿಸಿದ ವಿಡಿಯೋದಲ್ಲಿ ಚಪ್ಪಾಳೆ ತಟ್ಟುತ್ತಿರುವುದು ನಮ್ಮಮ್ಮ. ನಡುವೆ ಗಟ್ಟಿ ದನಿ ಬಂತಲ್ಲ, ಅದು ಪಕ್ಕದ ಮನೆ ಬ್ರಿಗೇಡಿಯರ್.

ಈ ಪತ್ರ ನಿನಗೊಬ್ಬನಿಗೇ ಕಳಿಸಬಹುದಿತ್ತು. ಎಲ್ಲರೂ ಓದುವ ಕಡೆ ಹಾಕಿರುವುದಕ್ಕೆ ಕಾರಣ ಇದೆ. ಓದುತ್ತಾ ಹೋದರೆ ಗೊತ್ತಾಗುತ್ತದೆ.

ಮಗು ಎಷ್ಟು ತಿಂಗಳಿಗೆ ನಿಲ್ಲಬೇಕು ಅನ್ನುವುದು ಮೈಸೂರಿನ ಯಾವ ಬೀದಿಯಲ್ಲೂ ಮುಗಿಯದ ಚರ್ಚೆ. ಒಬ್ಬರ ಮೊಮ್ಮಗ ಒಂಬತ್ತಕ್ಕೇ ನಡೆದನಂತೆ. ಇನ್ನೊಬ್ಬರ ಮೊಮ್ಮಗಳು ವರ್ಷ ತುಂಬಿದರೂ ಎದ್ದಿಲ್ಲವಂತೆ, ಮಗುವಿನ ತಾಯಿಗೆ ನಿದ್ದೆಯಿಲ್ಲ. ಆ ತಾಯಿ ಇದನ್ನು ಓದುತ್ತಿದ್ದರೆ ಅವರಿಗೆ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯವರು ಐದು ದೇಶಗಳ ಮಕ್ಕಳನ್ನು ತಿಂಗಳು ತಿಂಗಳೂ ನೋಡಿ 2006ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಅದರಲ್ಲಿ ನಮ್ಮ ದೇಶದ ಮಕ್ಕಳೂ ಇದ್ದರು. ಏನನ್ನೂ ಹಿಡಿಯದೆ ನಿಲ್ಲುವುದು ಸುಮಾರು 7 ತಿಂಗಳಿಂದ 17 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು. ತಾನಾಗಿ ನಡೆಯುವುದು ಸುಮಾರು 8ರಿಂದ 17ವರೆ ತಿಂಗಳೊಳಗೆ. ಅಷ್ಟು ಅಗಲ ಇದೆ ಆ ಕಿಟಕಿ. ನೂರಕ್ಕೆ ನಾಲ್ಕು ಮಕ್ಕಳಂತೂ ಅಂಬೆಗಾಲೇ ಇಡಲಿಲ್ಲ. ಆ ಹೆಜ್ಜೆ ಬಿಟ್ಟು ನೇರ ಎದ್ದು ನಿಂತರು. ಅವಸರ ಮಕ್ಕಳಿಗಿಲ್ಲ, ನಮಗೆ ಮಾತ್ರ.

ಪುಟ್ಟಿ ಹೊಸಿಲು ದಾಟಿದ ದಿನ ಅಮ್ಮ ಒಬ್ಬಟ್ಟು ಮಾಡಿದ್ದಳು. ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು, ಪುಟ್ಟಿಯ ಅಂಗೈಗೂ ಸ್ವಲ್ಪ ತಾಗಿಸಿ, ಬೀದಿಗೆಲ್ಲ ಹಂಚಿದಳು. ನಿಂತ ದಿನವೂ ಅದೇ ಸಂಭ್ರಮ. ನನಗೂ ಸಂತೋಷ ಇತ್ತು ಕಣೋ, ಇಲ್ಲ ಅನ್ನಲ್ಲ. ಆದರೆ ಅಷ್ಟೂ ತಿಂಗಳು ನಾನು ಕಾಯುತ್ತಿದ್ದದ್ದು ಅವಳ ಕಾಲಿಗಲ್ಲ. ಅವಳ ಬಾಯಿಗೆ.

ನಿನಗೆ ನಮ್ಮ ಅಕ್ಕ ಗೊತ್ತು. ಅವಳಿಗೆ ಕಿವಿ ಕೇಳಿಸುವುದಿಲ್ಲ ಅಂತಲೂ ಗೊತ್ತು. ಅದು ಹೇಗೆ ಗೊತ್ತಾಯಿತು ಅನ್ನುವುದನ್ನು ನಿನಗೆ ಯಾವತ್ತೂ ಹೇಳಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದುವಾಗ ದಿನಾ, ಮಾತು ಮತ್ತು ಕಿವಿಯ ತೊಂದರೆ ನೋಡುವ ಆ ವಾಕ್ ಶ್ರವಣ ಸಂಸ್ಥೆಯ ಗೇಟಿನ ಮುಂದೆಯೇ ಟೀಗೆ ಹೋಗುತ್ತಿದ್ದೆವು. ಆಗಲೂ ಹೇಳಲಿಲ್ಲ.

ಅಕ್ಕ ಹುಟ್ಟಿದ್ದು ಪಾಂಡವಪುರದ ಹತ್ತಿರ, ನಮ್ಮ ಊರಿನಲ್ಲಿ. ಅವಳೂ ಬೇಗ ನಿಂತಳಂತೆ. ಬೇಗ ನಡೆದಳಂತೆ. ‘ಏನ್ ಚುರುಕು ಕಣವ್ವ ನಿನ್ ಮಗ್ಳು’ ಅಂತ ಊರೆಲ್ಲ ಹೇಳುತ್ತಿತ್ತು. ಚುರುಕಾಗಿಯೇ ಇದ್ದಳು. ಕಿವಿ ಕೇಳದ ಮಗು ಕಣ್ಣಿನಿಂದಲೇ ಮನೆಯನ್ನೆಲ್ಲ ಓದುತ್ತದೆ. ಯಾರ ಮುಖ ಎತ್ತ ತಿರುಗಿತು, ಬಾಗಿಲ ಬಳಿ ನೆರಳು ಬಿತ್ತಾ, ನೆಲ ಅದುರಿತಾ, ಎಲ್ಲವೂ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಎರಡು ವರ್ಷವಾದರೂ ಮಾತು ಬರಲಿಲ್ಲ. ‘ಬುಡು, ನಿನ್ ಸೋದರಮಾವನೂ ನಾಕು ವರ್ಸುಕ್ಕೇ ಮಾತಾಡಿದ್ದು’ ಅಂದರು. ಬಜೆ ತೇಯ್ದು ತೇಯ್ದು ನಾಲಿಗೆಗೆ ಹಚ್ಚಿದರು. ಹರಕೆ ಹೊತ್ತರು. ಊರಿನ ಕಡೆಯ ಡಾಕ್ಟರೊಬ್ಬರು ನಾಲಿಗೆ ಎತ್ತಿ ನೋಡಿ ‘ಸರಿಯಾಗಿದೆ, ಬರುತ್ತೆ’ ಅಂದರು. ನಾಲಿಗೆ ಸರಿಯಾಗಿಯೇ ಇತ್ತು. ಕಿವಿಯನ್ನು ಯಾರೂ ನೋಡಲಿಲ್ಲ.

ಅವಳನ್ನು ಮೈಸೂರಿಗೆ ಕರೆತರುವ ಹೊತ್ತಿಗೆ ಅವಳಿಗೆ ನಾಲ್ಕು ದಾಟಿತ್ತು. ನನಗೆ ಈಗಲೂ ತಡೆಯಲಾಗದ್ದು ಇದು. ಆ ಸಂಸ್ಥೆ ಶುರುವಾದದ್ದು 1965ರಲ್ಲಿ. ಅಕ್ಕ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಇಡೀ ದೇಶದಿಂದ ಜನ ಅಲ್ಲಿಗೆ ಬರುತ್ತಿದ್ದರು. ಪಾಂಡವಪುರದಲ್ಲಿ ರೈಲು ಹತ್ತಿದರೆ ನಡುವೆ ಶ್ರೀರಂಗಪಟ್ಟಣ, ಆಮೇಲೆ ಸ್ವಲ್ಪ ಹೊತ್ತಿಗೆ ಮೈಸೂರು. ಅಷ್ಟು ಹತ್ತಿರ ಇತ್ತು. ಸಂತೆಗೆ, ಸಿನಿಮಾಗೆ, ದಸರಾಗೆ ಅಂತ ನಮ್ಮವರು ಅದೇ ರೈಲಿನಲ್ಲಿ ಮೈಸೂರಿಗೆ ಬಂದು ಹೋಗುತ್ತಲೇ ಇದ್ದರು.

ಅಮ್ಮ ಅಪ್ಪ ಹತ್ತಿರದ ಸಂಬಂಧ. ಅಪ್ಪ ಅಮ್ಮನಿಗೆ ಸೋದರಮಾವನೇ ಆಗಬೇಕು. ನಮ್ಮ ಕಡೆ ಇದು ಹೊಸದೇನಲ್ಲ, ನಿಮ್ಮ ಮನೆಯಲ್ಲೂ ಇದೆ. ಒಂದೇ ಮನೆತನದ ಇಬ್ಬರಲ್ಲೂ ಕಿವುಡಿಗೆ ಕಾರಣವಾಗುವ ಒಂದೇ ಜೀನ್ ಸುಮ್ನೆ ಅಡಗಿ ಕೂತಿರಬಹುದು. ಇಬ್ಬರಿಂದಲೂ ಅದೇ ಬಂದರೆ ಮಗುವಿಗೆ ಕಿವಿ ಕೇಳಿಸುವುದಿಲ್ಲ. ಒಬ್ಬರಿಂದ ಮಾತ್ರ ಬಂದರೆ ಏನೂ ಆಗುವುದಿಲ್ಲ, ಅದು ಹಾಗೇ ಮುಂದಕ್ಕೆ ಹೋಗುತ್ತದೆ. ನನ್ನಲ್ಲೂ ಇರಬಹುದು. ನನ್ನವಳು ದೂರದ ಸಂಬಂಧವೂ ಅಲ್ಲ. ಅದಕ್ಕೇ ಹೆದರುವ ಕಾರಣ ಕಡಿಮೆ ಅಂತ ಬುದ್ಧಿಗೆ ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ ಬುದ್ಧಿ ಕೆಲಸ ಮಾಡಲ್ಲ ಅಲ್ವಾ?

ಪುಟ್ಟಿ ಎರಡು ಮೂರು ತಿಂಗಳಿದ್ದಾಗ ಚೆನ್ನಾಗಿಯೇ ‘ಊ’, ‘ಆ’ ಅನ್ನುತ್ತಿದ್ದಳು. ಎಲ್ಲರೂ ಖುಷಿಪಟ್ಟರು. ನನಗೆ ಅದು ಸಾಲಲಿಲ್ಲ, ಯಾಕೆಂದರೆ ಕಿವಿ ಕೇಳದ ಮಕ್ಕಳೂ ಆ ಸ್ವರಗಳನ್ನು ಮಾಡುತ್ತವೆ. ಅಕ್ಕನೂ ಮಾಡಿದ್ದಳಂತೆ. ವ್ಯತ್ಯಾಸ ಗೊತ್ತಾಗುವುದು ಆರೇಳು ತಿಂಗಳಿನ ನಂತರ. ಆಗ ಮಗು ತುಟಿ, ನಾಲಿಗೆ ಸೇರಿಸಿ ‘ಬಬಬ’, ‘ದದದ’, ‘ಮಮಮ’ ಅಂತ ಒಂದೇ ಅಕ್ಷರದ ಸರ ಪೋಣಿಸಲು ಶುರು ಮಾಡುತ್ತದೆ. ಕಿವಿ ಕೇಳುವ ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಹತ್ತು ತಿಂಗಳೊಳಗೆ ಬಂದುಬಿಡುತ್ತದೆ. ಕೇಳದ ಮಕ್ಕಳಲ್ಲಿ ಬಹಳ ತಡ. ತಾನು ಮಾಡಿದ ಶಬ್ದ ತನಗೇ ಕೇಳಿಸಿದರೆ ತಾನೇ ಅದನ್ನು ಮತ್ತೆ ಮಾಡಬೇಕು ಅನ್ನಿಸುವುದು?

ಪುಟ್ಟಿಗೆ ಏಳು ತಿಂಗಳು ತುಂಬಿದರೂ ಆ ಸರ ಬರಲಿಲ್ಲ. ಇನ್ನೂ ಹೊತ್ತಿತ್ತು. ನನಗೆ ತಾಳ್ಮೆ ಇರಲಿಲ್ಲ. ಅವಳ ಬೆನ್ನ ಹಿಂದೆ ಸ್ಟೀಲ್ ಲೋಟ ಬೀಳಿಸುತ್ತಿದ್ದೆ. ತಿರುಗಿದರೆ ‘ಕೇಳಿತು’ ಅನ್ನಿಸುತ್ತಿತ್ತು, ಮರುಕ್ಷಣ ‘ನೆಲ ಅದುರಿತೇನೋ’ ಅನ್ನಿಸುತ್ತಿತ್ತು. ತಿರುಗದಿದ್ದರೆ ಆ ದಿನ ಊಟ ಸೇರುತ್ತಿರಲಿಲ್ಲ. ಕೊನೆಗೆ ನನ್ನವಳೇ ‘ಪಾತ್ರೆ ನಜ್ಜುಗುಜ್ಜಾಗೋದು ಸಾಕು, ಹೋಗಿ ತೋರಿಸೋಣ’ ಅಂದಳು. ಹುಟ್ಟಿದ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡಿರಲಿಲ್ಲ.

ಪರೀಕ್ಷೆ ತುಂಬಾ ಸರಳ ಕಣೋ. ಮಗು ಮಲಗಿರಬೇಕು, ಅಷ್ಟೇ. ಕಿವಿಯಲ್ಲಿ ಮೆತ್ತನೆಯ ಸಣ್ಣ ಬಿರಡೆ ಇಡುತ್ತಾರೆ. ಅದರಿಂದ ಟಿಕ್ ಟಿಕ್ ಅಂತ ಶಬ್ದ ಒಳಗೆ ಹೋಗುತ್ತದೆ. ಒಳಗಿವಿ ಸರಿಯಾಗಿದ್ದರೆ ಅದು ತಾನೂ ಒಂದು ಸಣ್ಣ ದನಿಯನ್ನು ಹೊರಗೆ ಕಳಿಸುತ್ತದೆ. ಯಂತ್ರ ಅದನ್ನು ಹಿಡಿಯುತ್ತದೆ. ಓ.ಎ.ಇ. ಅಂತ ಅದರ ಹೆಸರು. ಕೆಲವೇ ನಿಮಿಷ, ನೋವಿಲ್ಲ, ಸೂಜಿ ಇಲ್ಲ. ಅನುಮಾನ ಉಳಿದರೆ ಬೆರಾ ಅಂತ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಶಬ್ದ ನರದ ಮೂಲಕ ಮಿದುಳಿನ ಕಡೆ ಹೋಗುತ್ತಿದೆಯಾ ಅಂತ ನೋಡುತ್ತಾರೆ. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ತೊಂದರೆ ಇದ್ದರೆ ಮೂರು ತಿಂಗಳೊಳಗೆ ಖಚಿತ ಮಾಡಿಕೊಳ್ಳುವುದು, ಆರು ತಿಂಗಳೊಳಗೆ ಶ್ರವಣ ಸಾಧನವೋ ಬೇರೇನೋ ಶುರು ಮಾಡುವುದು. ತಜ್ಞರು ಹೇಳುವುದು ಈ ಲೆಕ್ಕವನ್ನು.

ಅವತ್ತು ಅಕ್ಕನೂ ಬಂದಿದ್ದಳು. ಅವಳೇ ಬರುತ್ತೇನೆ ಅಂದಳು. ಅವಳಿಗೆ ಆ ವಾಕ್ ಶ್ರವಣ ಸಂಸ್ಥೆಯ ಕಾರಿಡಾರ್‌ಗಳೆಲ್ಲ ಗೊತ್ತು. ಚಿಕ್ಕವಳಿದ್ದಾಗ ಟೀಚರ್ ಗಂಟಲ ಮೇಲೆ ಕೈ ಇಟ್ಟು ದನಿ ಅಂದರೆ ಏನು ಅಂತ ಬೆರಳಿನಿಂದ ಕಲಿತವಳು ಅವಳು. ಪುಟ್ಟಿ ಅಕ್ಕನ ಮಡಿಲಲ್ಲೇ ನಿದ್ದೆ ಹೋದಳು. ಪರೀಕ್ಷೆ ಮುಗಿಯಿತು. ‘ಎರಡೂ ಕಿವಿ ಸರಿಯಾಗಿದೆ’ ಅಂದರು. ನಾನು ಕಣ್ಣು ಮುಚ್ಚಿ, ಜೋರಾಗಿ ಉಸಿರು ಬಿಟ್ಟು, ಕೈ ಮುಗಿದೆ.

ಕಣ್ಣು ತೆರೆದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

ಕೇಳುತ್ತದಾ ಅಂತ ಕೈಯಲ್ಲಿ ಕೇಳಿದಳು. ಹೌದು ಅಂದೆ. ಪುಟ್ಟಿಯ ಹಣೆಗೆ ಮುತ್ತು ಕೊಟ್ಟಳು. ಅವಳಿಗೆ ನಿಜವಾಗಿ ಸಂತೋಷವಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗೆಳೆಯಾ, ನಾನು ದೇವರಿಗೆ ಕೈ ಮುಗಿದದ್ದು ಯಾಕೆ? ಮಗು ಅಕ್ಕನ ಹಾಗೆ ಆಗಲಿಲ್ಲವಲ್ಲ ಅಂತ. ಅಕ್ಕನ ಪಕ್ಕದಲ್ಲೇ ನಿಂತು. ಮುಖ ಓದುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಅವಳಿಗೆ ಅದು ಕಾಣದೇ ಇರುತ್ತದಾ?

ಅದಾದ ಮೇಲೆ ಒಂದು ದಿನ ಪುಟ್ಟಿ ‘ತತತ’ ಅಂದಳು. ಆಮೇಲೆ ‘ಬಬಬ’. ಮನೆಯೆಲ್ಲ ಕುಣಿಯಿತು. ಅಕ್ಕ ಊರಿಂದ ಬಂದಾಗ ನನಗೆ ಒಂಥರಾ ಸಂಕಟ. ಅವಳ ಮುಂದೆ ಇದನ್ನು ಹೇಗೆ ಸಂಭ್ರಮಿಸುವುದು? ಅವಳು ನೇರ ಬಂದು ಪುಟ್ಟಿಯ ಎದೆಯ ಮೇಲೆ ಅಂಗೈ ಇಟ್ಟಳು. ಪುಟ್ಟಿ ಮಾತಾಡುತ್ತಲೇ ಇದ್ದಳು. ಅಕ್ಕ ನಕ್ಕು, ‘ನಿನಗಿಂತ ಗಟ್ಟಿ’ ಅಂತ ನನಗೆ ಸನ್ನೆ ಮಾಡಿದಳು. ಈಗ ಪುಟ್ಟಿ ಅಕ್ಕನನ್ನು ಕಂಡರೆ ಕೂಗುವುದೇ ಇಲ್ಲ. ತೆವಳಿಕೊಂಡು ಹೋಗಿ ಅವಳ ಮೊಣಕಾಲು ತಟ್ಟುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲ.

1991ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಸನ್ನೆ ಭಾಷೆ ಆಡುವ ತಂದೆತಾಯಿಯರ ಕಿವಿ ಕೇಳದ ಶಿಶುಗಳು ಕೈಯಲ್ಲೇ ತೊದಲುತ್ತವೆ ಅಂತ ಅದರಲ್ಲಿ ತೋರಿಸಿದ್ದರು. ಬಾಯಿಯ ‘ಬಬಬ’ ಹೇಗೋ ಹಾಗೇ ಬೆರಳುಗಳ ತೊದಲು. ಇದನ್ನು ಓದಿದ ರಾತ್ರಿ ನಾನು ಅತ್ತುಬಿಟ್ಟೆ. ನಮ್ಮ ಮನೆಯಲ್ಲಿ ಯಾರಿಗೂ ಸನ್ನೆ ಭಾಷೆ ಬರುತ್ತಿರಲಿಲ್ಲ. ಅಕ್ಕನ ಬೆರಳಿಗೆ ತೊದಲಲು ಒಂದು ಭಾಷೆಯೇ ಸಿಕ್ಕಿರಲಿಲ್ಲ. ನಾಲ್ಕು ವರ್ಷ ಆ ಮಗು ತಲೆಯೊಳಗೆ ಏನನ್ನು ಇಟ್ಟುಕೊಂಡು ಕೂತಿತ್ತೋ! ಇವತ್ತು ಅಕ್ಕ ಹೊಲಿಗೆ ಅಂಗಡಿ ನಡೆಸುತ್ತಾಳೆ, ಇಬ್ಬರು ಮಕ್ಕಳನ್ನು ಓದಿಸುತ್ತಾಳೆ, ಮನೆಯ ದೊಡ್ಡ ನಿರ್ಧಾರಗಳೆಲ್ಲ ಅವಳದೇ. ಆದರೂ ಆ ನಾಲ್ಕು ವರ್ಷವನ್ನು ಯಾರೂ ವಾಪಸ್ ಕೊಡಲಾರರು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯಿತು, ಇರಲಿ. ಅಕ್ಕನಿಗೆ ಓದಿಸಿಯೇ ಇಲ್ಲಿ ಹಾಕಿದ್ದೇನೆ. ‘ಹಾಕು, ಯಾರಿಗಾದ್ರೂ ಉಪಯೋಗ ಆಗ್ಲಿ’ ಅಂತ ಬರೆದು ಕೊಟ್ಟಳು. ಹಾಗಾಗಿ ನೀನೂ ಕೇಳು, ಓದುತ್ತಿರುವ ಬೇರೆಯವರೂ ಕೇಳಿ. ನಿನ್ನ ಮಗನಿಗೆ ಈಗ ನಾಲ್ಕು ತಿಂಗಳು. ಅವನ ಕಿವಿ ಪರೀಕ್ಷೆ ಆಗಿದೆಯಾ? ಆಗಿಲ್ಲದಿದ್ದರೆ ಈ ವಾರವೇ ಮಾಡಿಸು. ಆಗಿದ್ದರೂ ಕಿವಿ ಕೊಟ್ಟಿರು, ಕೆಲವು ಮಕ್ಕಳಿಗೆ ತೊಂದರೆ ಆಮೇಲೆ ಶುರುವಾಗುವುದುಂಟು. ಹತ್ತು ತಿಂಗಳಾದರೂ ‘ಬಬಬ’ ಬರದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ‘ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡ’ ಅನ್ನುವ ಮಾತನ್ನು ಮಾತ್ರ ನಂಬಬೇಡ. ಯಾರು ಹೇಳಿದರೂ ಸರಿ. ನಮ್ಮಮ್ಮ ಹೇಳಿದರೂ ಸರಿ.

ಇನ್ನು ಖುಷಿಯ ವಿಷಯ. ಮುಂದಿನ ತಿಂಗಳು ಬರುತ್ತೇನೆ ಅಂದಿದ್ದೀಯ, ಮಾತು ತಪ್ಪಬೇಡ. ಪುಟ್ಟಿಗೆ ಚಕ್ರದ ವಾಕರ್ ತರುತ್ತೇನೆ ಅಂದೆಯಲ್ಲ, ಅದು ಬೇಡ. ಅದರಲ್ಲಿ ಕೂರಿಸಿದರೆ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳುವ ಭಯ ಬೇರೆ. ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ. ಚನ್ನಪಟ್ಟಣದಲ್ಲಿ ಇಳಿದು ಮೂರು ಗಾಲಿಯ ಮರದ ತಳ್ಳುಗಾಡಿ ತಾ, ಕೆಂಪು ಬಣ್ಣದ್ದು. ಬೀಳುತ್ತಾಳೆ, ಬೀಳಲಿ. ನ್ಯೂಯಾರ್ಕಿನಲ್ಲಿ ಎಣಿಸಿದ್ದಾರೆ, ಹೊಸದಾಗಿ ನಡೆಯುವ ಮಕ್ಕಳು ಆಟವಾಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬೀಳುತ್ತವಂತೆ. ನಾವು ನಾಲ್ವರು ಪಾಳಿಯಲ್ಲಿ ಹಿಂದೆ ಓಡಿದರೂ ಕಷ್ಟ, ನಿನ್ನಂಥ ಒಬ್ಬ ಆಳು ಬೇಕೇ ಬೇಕು. ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಬಾ.

ಅಕ್ಕನೂ ಆ ವಾರ ಇಲ್ಲೇ ಇರುತ್ತಾಳೆ. ನಿನ್ನ ಆ ಮೀಸೆ ಸ್ವಲ್ಪ ಕತ್ತರಿಸಿಕೊಂಡು ಬಾ. ಹೋದ ಸಲ ನೀನು ಹೇಳಿದ್ದರಲ್ಲಿ ಅರ್ಧ ಅವಳಿಗೆ ತಿಳಿಯಲಿಲ್ಲವಂತೆ. ತುಟಿಯೇ ಕಾಣದಿದ್ದರೆ ಅವಳು ಹೇಗೆ ಓದಬೇಕು?

ನಿನ್ನವ